ಏಳು ‘ವಿಚ್’ಗಳ ಒಂದು ವಾಕ್ಯ

ನನಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ ಎಂಬ ಒಂದು ಕೆಟ್ಟ ಹೆಸರಿದೆ. ಹ್ಯಾಂಬರ್ಗಿನ ನಮ್ಮ ಆಫೀಸಿನಲ್ಲಿ, ನದಿಗೆ ಮುಖಮಾಡಿ ಕೂತ ಮೂರನೇ ಮಹಡಿಯಲ್ಲಿ, ಯಾರಿಗೆ ಯಾವ ಕಷ್ಟದ ಮೇಲ್ ಬರೆಯಬೇಕಾದರೂ ನನ್ನ ಮೇಜಿನ ಹತ್ತಿರ ಬರುತ್ತಾರೆ. ಜರ್ಮನರು ಇಂಗ್ಲಿಷನ್ನು ಗಾಜಿನ ಪಾತ್ರೆಯ ಹಾಗೆ ಎರಡೂ ಕೈಯಲ್ಲಿ ಹಿಡಿದು ಚಿಕ್ಕ ಚಿಕ್ಕ ವಾಕ್ಯ ಬರೆಯುತ್ತಾರೆ. ನಾನು ಹಾಗಲ್ಲ. ಒಂದು ವಾಕ್ಯ ಶುರು ಮಾಡಿದರೆ ಅದು ಪ್ಯಾರಾ ಮುಗಿಯುವ ಹೊತ್ತಿಗೆ ಮುಗಿಯಬೇಕು. ನಡುವೆ ಉಸಿರು ತೆಗೆದುಕೊಳ್ಳಲು ಇಂಗ್ಲಿಷಿನ ‘ವಿಚ್’ ಇದೆ, ‘ಹೂ’ ಇದೆ, ‘ಹೂಮ್’ ಕೂಡ ಇದೆ. ಹೂಮ್ ಬಳಸಿದ ದಿನ ನಾನು ಕ್ಯಾಂಟೀನಿನಲ್ಲಿ ಒಂದು ಸಿಹಿ ಹೆಚ್ಚಿಗೆ ತೆಗೆದುಕೊಳ್ಳುತ್ತೇನೆ.

ಈ ಚಟ ಹತ್ತಿದ್ದು ಮೈಸೂರಿನ ಹೈಸ್ಕೂಲಿನಲ್ಲಿ. ‘ಎರಡು ವಾಕ್ಯಗಳನ್ನು ಕೂಡಿಸಿ ಒಂದು ಮಾಡಿ’ ಎಂಬ ಪ್ರಶ್ನೆ ನಿಮಗೂ ನೆನಪಿರಬೇಕು. ಒಬ್ಬ ಮನುಷ್ಯ ಬಾಗಿಲಿಗೆ ಬಂದ. ಅವನು ನನ್ನ ಚಿಕ್ಕಪ್ಪ. ನಡುವೆ ಒಂದು ಹೂ ತುರುಕಿದರೆ ಎರಡು ಅಂಕ. ನಾವು ಮೂವತ್ತೆಂಟು ಹುಡುಗಿಯರು ವರ್ಷವಿಡೀ ಆ ಚಿಕ್ಕಪ್ಪನನ್ನು ಬಾಗಿಲಿಗೆ ಬೆಸೆದೆವು. ಬೆಸೆದದ್ದು ಯಾಕೆ, ಬಿಡಿಬಿಡಿಯಾಗಿ ಇದ್ದರೆ ಅವನಿಗೇನು ತೊಂದರೆ ಎಂದು ಯಾರೂ ಕೇಳಲಿಲ್ಲ. ಕನ್ನಡಕ್ಕೆ ಈ ಅಂಟು ಬೇಕಾಗಿಲ್ಲ. ‘ಮೊನ್ನೆ ಮದುವೆಮನೆಯಲ್ಲಿ ಕೊಡೆ ಮರೆತು ಬಂದ ಚಿಕ್ಕಪ್ಪ’ ಎನ್ನುತ್ತೇವೆ. ಮದುವೆ, ಕೊಡೆ, ಮರೆವು ಎಲ್ಲ ಮೊದಲೇ ಒಳಗೆ ಬಂದು ಕೂತುಬಿಡುತ್ತವೆ, ಆಮೇಲೆ ಪಾಪ ಚಿಕ್ಕಪ್ಪ. ಮಾಡಿದ್ದು ಮುಂದೆ, ಮನುಷ್ಯ ಹಿಂದೆ. ಇಂಗ್ಲಿಷಿನಲ್ಲಿ ಮನುಷ್ಯ ಠೀವಿಯಿಂದ ಮೊದಲು ಬರುತ್ತಾನೆ. ಮಾಡಿದ್ದನ್ನು ಬಾಲದ ಹಾಗೆ ಹಿಂದೆ ಕಟ್ಟಿಕೊಂಡಿರುತ್ತಾನೆ, ಬೇಡವೆಂದರೆ ಕತ್ತರಿಸಿಯೂ ಬಿಡಬಹುದು.

ನಮ್ಮವರು ಈ ಎರಡನ್ನೂ ಕಲಸಿ ಮಾತಾಡುವುದನ್ನು ನೀವು ಕೇಳಬೇಕು. ಕನ್ನಡ ಸಂಘದ ಊಟದ ಸಾಲಿನಲ್ಲಿ ಒಬ್ಬರು, ‘ನಮ್ಮ ಕಸಿನ್ ಇದಾನಲ್ಲ, ಹೂ ಈಸ್ ಇನ್ ಕಲೋನ್, ಅವನ ವೈಫ್ ಇದಾಳಲ್ಲ, ಹೂಸ್ ಬ್ರದರ್ ಈಸ್ ಇನ್ ವಾಲ್‌ಡಾರ್ಫ್...’ ಎಂದು ಹೊರಟರು. ಚಿತ್ರಾನ್ನದಿಂದ ಮೊಸರನ್ನದವರೆಗೆ ಸಾಲು ಸರಿಯಿತು. ಆ ಬ್ರದರ್ ಏನು ಮಾಡಿದ ಎಂಬುದು ಇವತ್ತಿಗೂ ನನಗೆ ಗೊತ್ತಿಲ್ಲ. ನಮ್ಮ ಬಾಸ್ ಫ್ರಾವ್, ಅಂದರೆ ಶ್ರೀಮತಿ, ಪೀಟರ್‌ಸನ್ ಅವರ ವಿಚ್ ಬೇರೆ ಜಾತಿಯದು. ನೀವು ಹತ್ತು ನಿಮಿಷ ವಿವರಿಸಿದ ಮೇಲೆ ಅವರು ಕನ್ನಡಕ ಸರಿಮಾಡಿಕೊಂಡು ‘ವಿಚ್ ಈಸ್ ಇಂಟರೆಸ್ಟಿಂಗ್’ ಎನ್ನುತ್ತಾರೆ. ಅಲ್ಲಿಗೆ ನಿಮ್ಮ ಯೋಜನೆ ಸತ್ತಿತು ಎಂದು ಅರ್ಥ.

ಇಷ್ಟೆಲ್ಲ ಆಡಿಕೊಳ್ಳುವ ನಾನು ಕಳೆದ ಶರತ್ಕಾಲದಲ್ಲಿ ಏನು ಮಾಡಿದೆ ಎಂದು ಹೇಳಲೇಬೇಕು.

ನಮ್ಮದು ಅಂಗಡಿಗಳಿಗೆ ಸರಕು ಕಳಿಸುವವರಿಗೆ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ಕಂಪನಿ. ಒಂದು ಶುಕ್ರವಾರ ಮಧ್ಯಾಹ್ನ ಎಲ್ಲರೂ ವಾರ ಮುಗಿಯಿತೆಂದು ಕೋಟು ಹಾಕಿಕೊಳ್ಳುತ್ತಿದ್ದಾಗ, ನಾನು ಅವಸರದಲ್ಲಿ ಪರೀಕ್ಷೆಗೆಂದು ಮಾಡಿಟ್ಟ ವಿಳಾಸಗಳ ಪಟ್ಟಿಯನ್ನು ನಿಜವಾದ ಪಟ್ಟಿಯ ಜಾಗಕ್ಕೆ ಹಾಕಿ ಮನೆಗೆ ಹೊರಟುಬಿಟ್ಟೆ. ಸೋಮವಾರ ನೋಡಿದರೆ ಹ್ಯಾಂಬರ್ಗಿನ ಅಂಗಡಿಗಳಿಗೆ ಬರಬೇಕಿದ್ದ ಒಂದು ಲಾರಿ ಮಕ್ಕಳ ರಬ್ಬರ್ ಬೂಟುಗಳು ಮ್ಯೂನಿಕ್‌ನ ಗೋದಾಮು ಸೇರಿವೆ. ಇಲ್ಲಿ ಒಂದು ವಾರದಿಂದ ಎಡೆಬಿಡದೆ ಮಳೆ. ಅಲ್ಲಿ, ಗೋದಾಮಿನವರು ಕೋಪದಿಂದ ಕಳಿಸಿದ ಫೋಟೋದಲ್ಲಿ, ಬೂಟಿನ ಪೆಟ್ಟಿಗೆಗಳ ಮೇಲೆ ಬಿಸಿಲು ಹೊಳೆಯುತ್ತಿತ್ತು.

ಏನಾಯಿತೆಂದು ಬರೆದು ಕಳಿಸಿ ಎಂದು ಫ್ರಾವ್ ಪೀಟರ್‌ಸನ್ ನನಗೇ ಹೇಳಿದರು. ಇಂಗ್ಲಿಷ್ ಚೆನ್ನಾಗಿ ಬರುವುದು ನನಗೇ ತಾನೆ. ಬರೆದೆ. ಸುಳ್ಳು ಬರೆಯಲಿಲ್ಲ. ಒಂದು ತೊಂದರೆ, ವಿಚ್ ಪಟ್ಟಿಯೊಂದರಲ್ಲಿ ಕಾಣಿಸಿತು. ಆ ಪಟ್ಟಿ, ವಿಚ್ ಶುಕ್ರವಾರ ಬದಲಾಯಿತು. ಆ ಬದಲಾವಣೆ, ವಿಚ್ ಮೊದಲೇ ನಿಗದಿಯಾಗಿತ್ತು. ಹೀಗೆ ಏಳು ವಿಚ್‌ಗಳು ತಪ್ಪಿನ ಬಕೆಟ್ಟನ್ನು ಕೈಯಿಂದ ಕೈಗೆ ದಾಟಿಸಿ ಕೊನೆಗೆ ಲೇಬಲ್ ಮುದ್ರಿಸುವ ಪ್ರೋಗ್ರಾಮಿನ ಮುಂದೆ ತಂದಿಟ್ಟವು. ಆ ಪ್ರೋಗ್ರಾಮನ್ನು ನೋಡಿಕೊಳ್ಳುವುದು ಬಸವರಾಜ್, ‘ಹೂ ಹ್ಯಾಸ್ ಜಾಯಿನ್ಡ್ ರೀಸೆಂಟ್ಲಿ’. ಅಲ್ಲಿ ಪೂರ್ಣವಿರಾಮ. ವಸ್ತುವಿಗೆ ವಿಚ್, ಮನುಷ್ಯನಿಗೆ ಹೂ ಎಂದು ಸ್ಕೂಲಿನಲ್ಲಿ ಕಲಿಸುತ್ತಾರೆ. ಇಡೀ ಮೇಲ್‌ನಲ್ಲಿ ಇದ್ದದ್ದು ಒಂದೇ ಹೂ. ಅಂದರೆ ಆ ಶುಕ್ರವಾರ ನಮ್ಮ ಆಫೀಸಿನಲ್ಲಿ ಬಸವರಾಜನೊಬ್ಬನೇ ಮನುಷ್ಯ, ಉಳಿದದ್ದೆಲ್ಲ ತಾನಾಗಿಯೇ ನಡೆದಿತ್ತು.

ಬಸವರಾಜ್ ಗದಗಿನ ಕಡೆಯ ಹುಡುಗ. ಬಂದು ನಾಲ್ಕು ತಿಂಗಳಾಗಿತ್ತು. ಇಲ್ಲಿ ಮೊದಲ ಆರು ತಿಂಗಳು ಪ್ರೊಬೆಝೈಟ್, ಪರೀಕ್ಷೆಯ ಕಾಲ. ಅಷ್ಟರಲ್ಲಿ ಬೇಡವೆನಿಸಿದರೆ ಎರಡು ವಾರದ ನೋಟಿಸ್ ಕೊಟ್ಟು ಕಳಿಸಬಹುದು, ಕಾರಣವನ್ನೂ ಹೇಳಬೇಕಿಲ್ಲ. ಫ್ರಾವ್ ಪೀಟರ್‌ಸನ್ ಅವನನ್ನು ಗುರುವಾರ ಹತ್ತು ಗಂಟೆಗೆ ಮಾತಿಗೆ ಕರೆದರು. ಬುಧವಾರ ಮಧ್ಯಾಹ್ನ ಅವನು ನನ್ನ ಮೇಜಿನ ಹತ್ತಿರ ಬಂದು ನಿಂತ.

‘ಅಕ್ಕಾರ, ನಿಮ್ಮ ಮೇಲ್ ಮೂರು ಸಲ ಓದಿದ್ನಿರಿ. ಇಂಗ್ಲಿಷ್ ಭಾರಿ ಐತಿ ಬಿಡ್ರಿ. ಆದ್ರ ಅದರಾಗ ನಾ ಏನು ತಪ್ಪು ಮಾಡೀನಿ ಅಂತ ತಿಳೀವಲ್ದು.’

ನಾನು ಕಂಪ್ಯೂಟರಿನ ಪರದೆ ನೋಡಿದೆ. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ.

‘ಮುಂದಿನ ತಿಂಗಳು ಹೆಂಡ್ತಿ ಬರ್ತಾಳ್ರಿ. ವೀಸಾ ಈಗಷ್ಟ ಆಗೈತಿ, ಬಾಡಿಗಿ ವೋನುಂಗ್ ಬ್ಯಾರೆ ಈಗಷ್ಟ ಸಿಕ್ಕೈತಿ. ನಿಮ್ಮಂಗ ಚಂದಂಗ ಒಂದು ಕ್ಷಮಾಪಣಿ ಬರದು ಕೊಡ್ರಿ. ನಾ ಹೆಸರು ಹಾಕಿ ಕಳಿಸ್ತೀನಿ.’

ನನ್ನ ತಪ್ಪಿಗೆ ಅವನ ಹೆಸರಿನಲ್ಲಿ ನಾನೇ ಕ್ಷಮಾಪಣೆ ಬರೆಯಬೇಕು! ಆದರೂ ‘ಬರೆದುಕೊಡ್ತೀನಿ, ನಾಳೆ ಬೆಳಿಗ್ಗೆ’ ಎಂದೆ. ಹೇಡಿತನಕ್ಕೂ ಒಂದು ಸೌಜನ್ಯದ ದನಿ ಇರುತ್ತದೆ, ಅದು ನನಗೆ ಚೆನ್ನಾಗಿ ಒಲಿದಿದೆ.

ಸಂಜೆ ಅಡುಗೆಮನೆಯಲ್ಲಿ ನಿಜವಾಗಿ ಬರೆಯಲು ಕೂತೆ. ಮೊದಲ ಸಾಲು ಬಹಳ ಚೆನ್ನಾಗಿ ಬಂತು, ಅದರಲ್ಲಿ ಒಂದು ಹೂಮ್ ಕೂಡ ಇತ್ತು. ಅಷ್ಟರಲ್ಲಿ ಹಿಂದೆ ಠಣ್ಣೆಂದಿತು. ನನ್ನ ಹನ್ನೊಂದು ವರ್ಷದ ಮಗಳು ಉಪ್ಪಿನಕಾಯಿ ಜಾಡಿ ಕೆಡವಿದ್ದಳು. ನಾನು ತಿರುಗುವ ಮೊದಲೇ ‘ಇಶ್ ವಾರ್ಸ್’ ಎಂದಳು. ನಾನೇ ಮಾಡಿದ್ದು ಎಂದು ಅರ್ಥ. ಇಲ್ಲಿ ಶಿಶುವಿಹಾರದಲ್ಲೇ ಮಕ್ಕಳಿಗೆ ಇದು ರೂಢಿಯಾಗುತ್ತದೆ; ಹೇಳಿ, ಪೊರಕೆ ತಂದು, ಗುಡಿಸಿ, ಮುಂದಿನ ಆಟಕ್ಕೆ ಹೋಗುತ್ತಾರೆ. ಅವಳೂ ಪೊರಕೆ ತಂದಳು. ನಾನು ಬೆಳೆದ ಮನೆಯಲ್ಲಿ ಜಾಡಿಯನ್ನು ಯಾರೂ ಒಡೆಯುತ್ತಿರಲಿಲ್ಲ. ಜಾಡಿ ‘ಒಡೆದುಹೋಗುತ್ತಿತ್ತು’, ಹಾಲು ‘ಉಕ್ಕಿಹೋಗುತ್ತಿತ್ತು’, ಬೀಗದ ಕೈ ‘ಕಳೆದುಹೋಗುತ್ತಿತ್ತು’. ಎಲ್ಲವೂ ತಮ್ಮಷ್ಟಕ್ಕೆ ಹೋಗುವ ಆ ಮನೆಯಲ್ಲಿ ನಾವೆಲ್ಲ ನಿರಪರಾಧಿಗಳಾಗಿ ದೊಡ್ಡವರಾದೆವು. ಇಂಗ್ಲಿಷನ್ನು ಸುಮ್ಮನೆ ದೂರಿದೆ, ವಿಚ್‌ನ ಕೆಲಸ ನಾನು ಅದಕ್ಕಿಂತ ಮೊದಲೇ ಕಲಿತಿದ್ದೆ.

ಮರುದಿನ ಬೆಳಿಗ್ಗೆ ನದಿಯ ಫೆರಿಯಲ್ಲಿ ನಿಂತೇ ಫ್ರಾವ್ ಪೀಟರ್‌ಸನ್‌ಗೆ ಮೇಲ್ ಬರೆದೆ. ‘ಪಟ್ಟಿ ಬದಲಾಯಿಸಿದ್ದು ನಾನು. ಬಸವರಾಜನ ತಪ್ಪಿಲ್ಲ. ಮೊನ್ನೆ ಅದನ್ನು ಮುಚ್ಚಿ ಬರೆದೆ.’ ಇಂಗ್ಲಿಷಿನಲ್ಲಿ ಮೂರು ವಾಕ್ಯ, ಒಂದನ್ನೂ ಕೂಡಿಸಲಿಲ್ಲ. ಹೈಸ್ಕೂಲಿನಲ್ಲಾದರೆ ಸೊನ್ನೆ. ಹತ್ತು ಗಂಟೆಯ ಮಾತಿಗೆ ಬಸವರಾಜನ ಬದಲು ನಾನು ಹೋದೆ. ಫ್ರಾವ್ ಪೀಟರ್‌ಸನ್ ಕಿರುಚಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. ತಪ್ಪು ಎಲ್ಲರಿಗೂ ಆಗುತ್ತದೆ, ಆ ಮೇಲ್ ಮಾತ್ರ ಆದದ್ದಲ್ಲ, ನೀವು ಮಾಡಿದ್ದು ಎಂದರು. ವರ್ಷ ಮುಗಿಯುವವರೆಗೆ ಆ ಪಟ್ಟಿ ಮುಟ್ಟುವ ಅಧಿಕಾರ ನನ್ನಿಂದ ಹೋಯಿತು. ಅಲ್ಲ, ಅವರು ತೆಗೆದರು.

ಮಧ್ಯಾಹ್ನ ಬಸವರಾಜನಿಗೆ ಎಲ್ಲ ಹೇಳಿ ಕ್ಷಮೆ ಕೇಳಿದೆ. ಅವನು ಚೀಲದಿಂದ ಮಡಿಸಿದ ಒಂದು ಹಾಳೆ ತೆಗೆದು ನನ್ನ ಮೇಜಿನ ಮೇಲಿಟ್ಟ. ಶುಕ್ರವಾರ ಮಧ್ಯಾಹ್ನದ ಕಂಪ್ಯೂಟರ್ ದಾಖಲೆ: ಗಂಟೆ, ನಿಮಿಷ, ನನ್ನ ಹೆಸರು, ನಾನು ಮಾಡಿದ ಕೆಲಸ, ಎಲ್ಲ ಒಂದೇ ಸಾಲಿನಲ್ಲಿ.

‘ಮಂಗಳವಾರನ ತೆಗದಿಟ್ಟಿದ್ನಿರಿ’ ಎಂದ.

‘ಮತ್ತೆ ನಿನ್ನೆ ಕ್ಷಮಾಪಣೆ ಬರೆದುಕೊಡಿ ಅಂತ ಯಾಕೆ ಕೇಳಿದೆ?’

‘ನೀವ ಹೇಳ್ತೀರೇನೋ ಅಂತ ಒಂದು ಅವಕಾಶ ಕೊಟ್ಟೆ ನೋಡ್ರಿ. ಹತ್ತು ಗಂಟೆ ತನಕ ಕಾಯೂದು, ಆಮ್ಯಾಲ ಈ ಹಾಳಿ ಮೇಡಮ್ಮನ ಮುಂದ ಇಡೂದು ಅಂತ ಮಾಡಿದ್ನಿ.’

ಅವನ ಮುಗ್ಧತೆಯ ಮೇಲೆ ನಾನು ಇಟ್ಟಿದ್ದ ಕನಿಕರವನ್ನೆಲ್ಲ ಅಲ್ಲೇ ವಾಪಸ್ ತೆಗೆದುಕೊಂಡೆ. ಅದು ನನಗೇ ಬೇಕಾಗಿತ್ತು.

ದೀಪಾವಳಿಗೆ ಕನ್ನಡ ಸಂಘದ ಊಟದಲ್ಲಿ ಅವನ ಹೆಂಡತಿ ಸಿಕ್ಕಳು. ಹೊಸ ಕೋಟು, ಹೊಸ ಚಳಿ, ಎಲ್ಲದಕ್ಕೂ ನಗುವ ಹುಡುಗಿ. ಬಸವರಾಜ್ ನನ್ನನ್ನು ತೋರಿಸಿ, ‘ಇವರ ನೋಡು, ಬೂಟು ಮ್ಯೂನಿಕ್‌ಗೆ ಕಳಿಸಿದ ಅಕ್ಕಾರು’ ಎಂದು ಪರಿಚಯಿಸಿದ. ಅಪ್ಪಟ ಕನ್ನಡ: ಮಾಡಿದ್ದು ಮುಂದೆ, ಅಕ್ಕಾರು ಹಿಂದೆ. ‘ಆಮೇಲೆ ತಾವಾಗಿಯೇ ಒಪ್ಪಿಕೊಂಡ ಅಕ್ಕಾರು’ ಎಂದು ಒಂದು ಮಾತು ಸೇರಿಸಲು ನನ್ನ ಬಾಯಿ ತೆರೆದೇಬಿಟ್ಟಿತ್ತು. ಅದು ಎಂಟನೆಯ ವಿಚ್ ಆಗುತ್ತಿತ್ತು. ತೆರೆದ ಬಾಯಿಗೆ ಒಂದು ಹೋಳಿಗೆ ಇಟ್ಟುಕೊಂಡು, ಹೌದಮ್ಮಾ, ನಾನೇ ಎಂದು ತಲೆಯಾಡಿಸಿದೆ.