ಮಾನ್ವಿ ಅನ್ನದ ಮಾಸ್ತರು

ತಿಮ್ಮಪ್ಪ ಮಾಸ್ತರರ ಬಾಯಲ್ಲಿ ಮಾನ್ವಿ ಎಂಬ ಹೆಸರು ಬರುತ್ತಿರಲಿಲ್ಲ. ಜಿಲ್ಲೆಯ ನಕಾಶೆಯನ್ನು ಗೋಡೆಗೆ ತೂಗುಹಾಕಿ, ಬೆತ್ತದ ತುದಿಯಿಂದ ಒಂದೊಂದೇ ತಾಲ್ಲೂಕು ಮುಟ್ಟುತ್ತ, "ಇದು ರಾಯಚೂರು, ಇದು ಲಿಂಗಸುಗೂರು, ಇದು ನಮ್ಮ ದೇವದುರ್ಗ" ಎಂದು ಹೇಳಿಕೊಂಡು ಬರುತ್ತಿದ್ದವರು, ಬೆತ್ತ ಮಾನ್ವಿಗೆ ಬಂದೊಡನೆ "ಮತ್ತ ಅದೊಂದು" ಎಂದು ಮುಂದಕ್ಕೆ ಸರಿದುಬಿಡುತ್ತಿದ್ದರು. ಮಕ್ಕಳು ಕೇಳಿದ್ದನ್ನೇ ಕಲಿತರು. ಪರೀಕ್ಷೆಯಲ್ಲಿ ನಮ್ಮ ಜಿಲ್ಲೆಯ ತಾಲ್ಲೂಕುಗಳನ್ನು ಬರೆಯಿರಿ ಎಂದಿದ್ದಕ್ಕೆ ಏಳನೆಯ ತರಗತಿಯ ಹುಡುಗಿಯೊಬ್ಬಳು ಎಲ್ಲವನ್ನೂ ಸಾಲಾಗಿ ಬರೆದು, ಕೊನೆಗೆ "ಮತ್ತು ಅದೊಂದು" ಎಂದು ಮುಗಿಸಿದ್ದಳು. ಮಾಸ್ತರು ಪೂರ್ತಿ ಅಂಕ ಕೊಟ್ಟಿದ್ದರು.

ಹೆಡ್‌ಮೇಡಂ ಕರೆಸಿ, "ಏನ್ರಿ ಮಾಸ್ತರ ಇದು?" ಎಂದು ಉತ್ತರ ಪತ್ರಿಕೆ ಮುಂದಿಟ್ಟರು.

"ಹುಡುಗಿ ಪಾಠ ಲಕ್ಷ್ಯ ಇಟ್ಟು ಕೇಳ್ಯಾಳ್ರಿ" ಎಂದರು ತಿಮ್ಮಪ್ಪ ಮಾಸ್ತರು, ಗಂಭೀರವಾಗಿ.

ನಾನು ಅದೇ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ರಾಯಚೂರಿನಲ್ಲೇ ಹುಟ್ಟಿ ಬೆಳೆದವಳು. ಬಜಾರದಲ್ಲಿ ನಮ್ಮ ಅಬ್ಬಾನ ಬಳೆ ಅಂಗಡಿ ಇತ್ತು. ಒಂದು ಊರಿನ ಮೇಲೆ ಇಷ್ಟೊಂದು ಸಿಟ್ಟು ಇಟ್ಟುಕೊಂಡವರನ್ನು ನಾನು ಮೊದಲು ನೋಡಿದ್ದೇ ಸ್ಟಾಫ್ ರೂಮಿನಲ್ಲಿ, ನನ್ನ ಪಕ್ಕದ ಕುರ್ಚಿಯಲ್ಲಿ. ನಾನು ನಕ್ಕರೆ, "ನೀವು ರಾಯಚೂರಿನೋರು ಸುಮ್ಮನಿರ್ರಿ ಮೇಡಂ. ನಿಮ್ಮ ಊರಿನ ಮ್ಯಾಲೂ ನಂದೊಂದಿಷ್ಟು ಬಾಕಿ ಅದ, ಅದನ್ನ ಇನ್ನೊಂದಿನ ಹೇಳ್ತೀನಿ" ಎನ್ನುತ್ತಿದ್ದರು.

ವಿಚಿತ್ರವೆಂದರೆ, ಮಾನ್ವಿಯನ್ನು ಅವರಷ್ಟು ಹೊಗಳುವವರೂ ಇರಲಿಲ್ಲ. ಯಾರಾದರೂ ಊಟದ ಡಬ್ಬಿ ತೆರೆದರೆ ಮೂಗು ಮುಂದೆ ಮಾಡಿ, "ಈ ಅನ್ನ ಅಲ್ಲಿದು" ಎಂದು ಗುರುತು ಹಿಡಿಯುತ್ತಿದ್ದರು. "ಹೊಸ ಅಕ್ಕಿ ಅಲ್ಲ, ಹಳೀದು. ನೋಡ್ರಿ, ಹ್ಯಾಂಗ ಅರಳ್ಯಾದ, ಮಲ್ಲಿಗಿ ಇದ್ದಂಗ." ಆಮೇಲೆ ಮುಖ ಗಂಟಿಕ್ಕಿ, "ಅಂಥಾ ಊರಿನ ಅಕ್ಕಿ ಇಷ್ಟು ಚಲೋ ಯಾಕಿರಬೇಕು? ಅದಾ ನನ್ನ ಸಿಟ್ಟು" ಎನ್ನುವರು.

ಕಾರಣವನ್ನು ಒಮ್ಮೆ ಮಧ್ಯಾಹ್ನದ ಬಿಡುವಿನಲ್ಲಿ ಹೇಳಿದರು. ಅವರ ಊರು ದೇವದುರ್ಗದ ಕಡೆಯ ಅರಕೇರಾ. ಚಿಕ್ಕವರಿದ್ದಾಗ ಅಲ್ಲಿ ಮಳೆ ಬಂದರೆ ಬೆಳೆ, ಇಲ್ಲದಿದ್ದರೆ ಇಲ್ಲ. ಭತ್ತದ ನಾಟಿಯ ಕಾಲ ಬಂತೆಂದರೆ ಅವ್ವ ಇವರನ್ನು ಕರೆದುಕೊಂಡು ಮಾನ್ವಿಯ ಕಾಲುವೆ ಹೊಲಗಳಿಗೆ ಕೂಲಿಗೆ ಹೋಗುತ್ತಿದ್ದಳಂತೆ.

"ಹೊಟ್ಟಿ ತುಂಬ ಬಿಳಿ ಅನ್ನ ಮೊದಲ ಉಂಡಿದ್ದು ಅಲ್ಲೇ ಮೇಡಂ. ಎಲ್ಲಿ ನೋಡಿದ್ರೂ ಹಸರು, ಎಲ್ಲಿ ನೋಡಿದ್ರೂ ನೀರು. ಸ್ವರ್ಗ ಅಂದ್ರ ಇದಾ ಅಂದ್ಕೊಂಡಿದ್ದೆ. ಅದಾ ಸ್ವರ್ಗದಾಗ ನಮಗ ಮಲಗಾಕ ಕೊಟ್ಟಿದ್ದು ದನದ ಕೊಟ್ಟಿಗಿ. ನನ್ನ ಅವ್ವಗ ಒಂದು ಹೆಸರಿತ್ತು, ಯಲ್ಲಮ್ಮ ಅಂತ. ಅಲ್ಲಿ ಯಾರೂ ಆ ಹೆಸರು ಹಿಡಿದು ಕರೀಲಿಲ್ಲ. 'ಏ ದುರ್ಗದಾಕಿ' ಅಂತಿದ್ರು. ನನ್ನ ಅವ್ವನ ಹೆಸರು ಹೇಳದ ಊರಿನ ಹೆಸರು ನಾ ಯಾಕ ಹೇಳ್ಲಿ?"

ಅಂದಿನಿಂದ ನಾನು ನಗುವುದನ್ನು ಕಡಿಮೆ ಮಾಡಿದೆ. ಪೂರ್ತಿ ಬಿಡಲು ಆಗಲಿಲ್ಲ, ಏಕೆಂದರೆ ಮಾಸ್ತರು ಬಿಡುತ್ತಿರಲಿಲ್ಲ. ಒಂದು ಸಲ ಶಿಕ್ಷಕರ ತರಬೇತಿಗೆ ದಕ್ಷಿಣದ ಕಡೆಯಿಂದ ಒಬ್ಬರು ಬಂದಿದ್ದರು. ಬೆವರು ಒರೆಸಿಕೊಳ್ಳುತ್ತ, "ನಿಮ್ಮ ಭಾಗದ ಮಕ್ಕಳಿಗೆ ಹಸಿರು ಎಂದರೇನು ಅಂತ ಚಿತ್ರ ತೋರಿಸಿಯೇ ಕಲಿಸಬೇಕೇನೋ" ಎಂದರು. ತಿಮ್ಮಪ್ಪ ಮಾಸ್ತರು ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದರು.

"ಮಾನ್ವಿ ನೋಡೀರೇನ್ರಿ ನೀವು?"

ನಮ್ಮ ಶಾಲೆಯವರೆಲ್ಲ ಬೆಚ್ಚಿಬಿದ್ದೆವು. ಹೆಡ್‌ಮೇಡಂ ಕೈಯಲ್ಲಿದ್ದ ಚಹಾ ಸೀರೆಯ ಮೇಲೆ ಚೆಲ್ಲಿತು.

"ನಾಟಿ ಆದ ಮ್ಯಾಲ ಬರ್ರಿ ಮಾನ್ವಿಗೆ. ಕಾಲುವಿ ದಂಡಿ ಮ್ಯಾಲ ನಿಂದ್ರಿಸ್ತೀನಿ. ನೋಡಿ ನಿಮ್ಮ ಕಣ್ಣು ತಂಪಾಗಲಿಲ್ಲಂದ್ರ ನನ್ನ ಹೆಸರು ತಿಮ್ಮಪ್ಪ ಅಲ್ಲ!"

ಕುಳಿತ ಮೇಲೆ ನನ್ನ ಕಡೆ ವಾಲಿ, "ಆ ಊರು ಬೈಯೋದಿದ್ರ ನಾ ಬೈಬೇಕು. ಇವಗೇನು ಹಕ್ಕದ?" ಎಂದು ಪಿಸುಗುಟ್ಟಿದರು.

ಅವರ ಒಬ್ಬಳೇ ಮಗಳು ಕೃಷ್ಣವೇಣಿ, ನನ್ನ ವಿದ್ಯಾರ್ಥಿನಿ. ನರ್ಸಿಂಗ್ ಓದಿ ಸರ್ಕಾರಿ ಕೆಲಸಕ್ಕೆ ಸೇರಿದಳು. ಕೆಲಸ ಸಿಕ್ಕಿದ್ದು ಮಾನ್ವಿಯಲ್ಲಿ. ಮಾಸ್ತರು ಪೇಢೆ ಹಂಚುತ್ತಲೇ, "ಎಲ್ಲೀರಿ ಪೋಸ್ಟಿಂಗ್?" ಎಂದು ಕೇಳಿದವರಿಗೆಲ್ಲ "ರಾಯಚೂರು ಜಿಲ್ಲಾ" ಎಂದಷ್ಟೇ ಹೇಳಿದರು. ಮುಂದಿನ ವರ್ಷ ಕೃಷ್ಣವೇಣಿ ಅಲ್ಲಿಯ ಕೃಷಿ ಅಂಗಡಿಯ ಹುಡುಗನೊಬ್ಬನನ್ನು ಮೆಚ್ಚಿದಳು. ಹುಡುಗ ತಮ್ಮ ಪೈಕಿಯವನೇ ಎಂಬುದು ಕೂಡ ಮಾಸ್ತರರನ್ನು ಸಮಾಧಾನ ಮಾಡಲಿಲ್ಲ. ಕೆಲವು ದಿನ ನಕಾಶೆಯನ್ನೇ ಗೋಡೆಗೆ ತೂಗುಹಾಕಲಿಲ್ಲ. ಆಮೇಲೆ ಬಂದು, "ಮೇಡಂ, ಹುಡುಗಿಗೆ ತಾಯಿ ಇಲ್ಲ. ಮಾತುಕತಿಗೆ ನೀವು ಬರಬೇಕು. ನಾ ಜಗಳ ತೆಗೆದ್ರ ಎಳಕೊಂಡು ಬರಾಕ ಒಬ್ರು ಬೇಕು" ಎಂದರು.

ಜೀಪಿನಲ್ಲಿ ಅವರ ಕಾಲ ಬಳಿ ನೀರಿನ ಕ್ಯಾನೊಂದು, ಮಡಿಲಲ್ಲಿ ದೊಡ್ಡ ಗಂಟೊಂದು ಇತ್ತು. ಹಿಂದಿನ ದಿನವೇ ಅರಕೇರಾಕ್ಕೆ ಹೋಗಿ, ಅಕ್ಕನಿಂದ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಮಾಡಿಸಿಕೊಂಡು, ಊರ ಬಾವಿಯ ನೀರು ತುಂಬಿಸಿ ತಂದಿದ್ದರು. ಆ ಊರಿನ ಅನ್ನ ನೀರು ಮುಟ್ಟುವುದಿಲ್ಲ, ಮಗಳನ್ನು ಮಾತ್ರ ಕೊಡುತ್ತೇನೆ ಎಂಬುದು ಅವರ ತೀರ್ಮಾನ. ಕೃಷ್ಣವೇಣಿ ದಾರಿಯುದ್ದಕ್ಕೂ ಕಿಟಕಿಯ ಹೊರಗೇ ನೋಡುತ್ತಿದ್ದಳು.

ಹುಡುಗನ ತಂದೆ ಅಮರಪ್ಪನವರು ಬಾಗಿಲಿಗೆ ಬಂದು ಕೈ ಹಿಡಿದುಕೊಂಡರು. ನೀರು ತಂದುಕೊಟ್ಟ ಅವರ ತಾಯಿ ಕ್ಯಾನ್ ನೋಡಿ, "ಯಪ್ಪಾ, ನಮ್ಮ ಮನಿ ನೀರಾಗ ಏನು ಬೆರಿಸೀವಿ ಅಂತ ಇದನ್ನ ಹೊತ್ಕೊಂಡು ಬಂದೀಯೋ?" ಎಂದಳು. ನಾನು ನೆಲ ನೋಡಿದೆ. ಅಮರಪ್ಪನವರು ಮಾತ್ರ ಗಂಟಿನ ಕಡೆ ನೋಡುತ್ತಿದ್ದರು.

"ಅದೇನ್ರಿ, ದುರ್ಗದ ಕಡಿ ಜೋಳದ ರೊಟ್ಟೇನು?"

"ಹೌದ್ರಿ" ಎಂದರು ಮಾಸ್ತರು, ಸಮರಕ್ಕೆ ಸಿದ್ಧರಾಗಿ.

"ಅಯ್ಯೋ ಮಾಸ್ತರ! ನಿಮ್ಮ ನೆಲದ ಜೋಳದ ರುಚಿ ನಮ್ಮ ನೆಲಕ್ಕೆಲ್ಲಿಂದ ಬರಬೇಕ್ರಿ? ಎಲ್ಲಾ ಭತ್ತ ಮಾಡಿ ನಾಲಿಗಿ ಕೆಟ್ಟು ಹೋಗ್ಯಾದ. ನಿಮ್ಮೋರನ್ನ ನೆನಿಸಿದ್ರ ನನಗ ಹೊಟ್ಟಿ ಉರೀತದ ನೋಡ್ರಿ" ಎನ್ನುತ್ತ ಗಂಟು ಬಿಚ್ಚಿಯೇಬಿಟ್ಟರು. ಮನೆಯವರೆಲ್ಲ ಸುತ್ತ ಕುಳಿತರು. ಅಜ್ಜಿಗೆ ಹಲ್ಲಿರಲಿಲ್ಲ. ರೊಟ್ಟಿಯನ್ನು ಕ್ಯಾನಿನ ನೀರಿನಲ್ಲೇ ನೆನೆಸಿಕೊಂಡು ತಿಂದಳು. ನೋಡನೋಡುತ್ತ ಗಂಟಿನ ಬಟ್ಟೆ ಮಾತ್ರ ಉಳಿಯಿತು.

ಮಾಸ್ತರರ ಮುಂದೆ ಅನ್ನದ ತಟ್ಟೆ ಬಂತು. ಅವರು ಅದಕ್ಕೆ ಕೈ ಹಚ್ಚಲಿಲ್ಲ. ಆಗ ಆ ಮುದುಕಿ ಪಕ್ಕಕ್ಕೆ ಬಂದು ಕುಳಿತು, "ನಿನ್ನ ಹಡೆದಾಕಿ ಹೆಸರೇನಪ್ಪ?" ಎಂದು ಕೇಳಿದಳು. ರೂಢಿಯ ಪ್ರಶ್ನೆ, ಬೀಗತನಕ್ಕೆ ಬಂದವರನ್ನು ಯಾರೂ ಕೇಳುವಂಥದು.

"ಯಲ್ಲಮ್ಮ" ಎಂದರು ಮಾಸ್ತರು.

"ಯಲ್ಲಮ್ಮನ ಮಗ ನಮ್ಮ ಮನಿಗೆ ಬಂದು ಉಪವಾಸ ಹೋಗಬಾರದು. ಉಣ್ಣು" ಎಂದಳು ಮುದುಕಿ.

ಅವರು ಉಂಡರು. ಬಡಿಸಿದಷ್ಟೂ ಉಂಡರು. ಕೈ ತೊಳೆದು ಬಂದು, "ಅನ್ನ ಚಲೋ ಅದ. ಊರು ಚಲೋ ಇಲ್ಲ. ಮದುವಿ ಯಾವಾಗ ಇಟ್ಕೊಳ್ಳೋಣು?" ಎಂದು ಒಂದೇ ಉಸಿರಿನಲ್ಲಿ ಕೇಳಿದರು.

ನಿವೃತ್ತಿಯಾದ ಮೇಲೆ ಮೊಮ್ಮಗಳನ್ನು ನೋಡಿಕೊಳ್ಳುವ ನೆಪದಲ್ಲಿ ಮಾನ್ವಿಗೇ ಹೋಗಿ ನೆಲೆಸಿದರು. ಫೋನಿನಲ್ಲಿ ಮಾತಾಡಿದಾಗೆಲ್ಲ ಊರನ್ನು ಬೈಯುತ್ತಿದ್ದರು. ಬೈಗುಳ ಮಾತ್ರ ಬರಬರುತ್ತ ಮನೆಯವರನ್ನು ಬೈಯುವ ಧಾಟಿಗೆ ಬಂದಿತ್ತು.

ಅವರನ್ನು ನಾನು ಕೊನೆಯ ಸಲ ಕಂಡದ್ದು ಬಸ್ಸಿನ ಕಿಟಕಿಯಿಂದ. ಸಿಂಧನೂರಿನಲ್ಲಿರುವ ತಂಗಿಯ ಮನೆಗೆ ಹೊರಟಿದ್ದೆ. ಮಾನ್ವಿ ಹತ್ತಿರ ಬಸ್ಸು ನಿಂತಿತು. ಕಾಲುವೆಯ ಕೆಳಭಾಗಕ್ಕೆ ನೀರು ಬರುತ್ತಿಲ್ಲವೆಂದು ರೈತರು ರಸ್ತೆ ತಡೆದಿದ್ದರು. ಎಲ್ಲರಿಗಿಂತ ಮುಂದೆ, ಬೀಗರ ಪಕ್ಕದಲ್ಲಿ, ತಲೆಗೆ ಟವೆಲ್ ಸುತ್ತಿಕೊಂಡು ಡಾಂಬರಿನ ಮೇಲೆ ಕುಳಿತಿದ್ದವರು ತಿಮ್ಮಪ್ಪ ಮಾಸ್ತರು. ನನ್ನನ್ನು ಕಂಡು ಎದ್ದು ಕಿಟಕಿಯ ಬಳಿ ಬಂದರು. ಸೊರಗಿದ್ದರು. ಉಸಿರು ಸಣ್ಣಗೆ ಸಿಳ್ಳೆ ಹೊಡೆಯುತ್ತಿತ್ತು.

"ನಮ್ಮ ಭತ್ತ ಒಣಗಾಕತ್ತದ ಮೇಡಂ. ಎಲ್ಲಾ ನೀರು ಮ್ಯಾಲೆ ಸಿಂಧನೂರಿನೋರಾ ನುಂಗ್ತಾರ. ಅಂಥಾ ಸೊಕ್ಕಿನ ಊರು ಜಗತ್ತಿನಾಗಿಲ್ಲ. ನೀವೆಲ್ಲಿಗೆ ಹೊಂಟೀರಿ?"

ಹೇಳಲೋ ಬೇಡವೋ ಎಂದು ಯೋಚಿಸಿ, "ಸಿಂಧನೂರಿಗೇ ರೀ. ತಂಗಿ ಮನಿಗೆ" ಎಂದೆ.

ಮಾಸ್ತರು ಹಿಂದಿರುಗಿ ನೋಡಿದರು. ಅಮರಪ್ಪನವರು ಘೋಷಣೆ ಕೂಗುವುದರಲ್ಲಿ ಮುಳುಗಿದ್ದರು. ಕಿಟಕಿಯ ಸರಳು ಹಿಡಿದು ಮುಖ ಹತ್ತಿರ ತಂದು, ದನಿ ತಗ್ಗಿಸಿ ಕೇಳಿದರು:

"ಊರು ಹ್ಯಾಂಗದ? ಭಾಳ ಚಲೋ ಅದ ಅಂತಾರಲ್ಲ?"

"ನೀವು ನೋಡೇ ಇಲ್ಲೇನ್ರಿ ಮಾಸ್ತರ? ಇಲ್ಲೇ ಅದ, ಒಂದಿನ ಹೋಗಿ ಬರ್ರಿ."

"ಬ್ಯಾಡ್ರಿ" ಎಂದರು. "ಹೋದ್ರ ಮನಸಿಗೆ ಸೇರಿಬಿಡ್ತದ."