ಹಿತ್ತಲ ಗೋಡೆಯ ಕ್ಯಾಮೆರಾ

ಟುಂಗ್.

ಆ ಬೇಸಿಗೆಯನ್ನು ನೆನೆದರೆ ಮೊದಲು ಕಿವಿಗೆ ಬರುವುದು ನನ್ನ ತಮ್ಮನ ಮೊಬೈಲಿನ ಆ ಸದ್ದು. ಗೇಟಿನ ಮುಂದೆ ಆಕಳು ನಿಂತರೆ ಟುಂಗ್. ಒಣಹಾಕಿದ ಸೀರೆ ಗಾಳಿಗೆ ಅಲುಗಿದರೆ ಟುಂಗ್. ಪೇರಲ ಗಿಡದಿಂದ ಅಳಿಲು ಇಳಿದರೂ ಟುಂಗ್, ಹತ್ತಿದರೂ ಟುಂಗ್. ಊಟಕ್ಕೆ ಕೂತವನು ತುತ್ತನ್ನು ತಟ್ಟೆಯಲ್ಲೇ ಬಿಟ್ಟು, ಕನ್ನಡಕ ಹಣೆಗೇರಿಸಿ, ಎಡಗೈಯಲ್ಲಿ ಫೋನ್ ಹಿಡಿದು ನೋಡುತ್ತಿದ್ದ. "ಯಾರಿಲ್ಲಕ್ಕಾ, ಬೆಕ್ಕು." ಐದು ನಿಮಿಷಕ್ಕೆ ಮತ್ತೆ ಟುಂಗ್. ಕೇಳಿ ಕೇಳಿ ನನ್ನ ತಲೆಯ ಒಂದು ಭಾಗ ಸೋತುಹೋಗಿತ್ತು. ಆದರೆ ಅವನನ್ನು ದೂರುವಂತಿರಲಿಲ್ಲ. ಆ ಕ್ಯಾಮೆರಾ ಸಿಸ್ಟಮ್ಮನ್ನು ಆಯ್ದವಳು ನಾನೇ.

ಬಳ್ಳಾರಿಯ ಗಾಂಧಿನಗರದ ಆ ಮನೆ ತಮ್ಮನದು. ಅವನು ವಕೀಲ, ಎಪ್ಪತ್ತರ ಹತ್ತಿರ ಬಂದರೂ ಕೋಟು ಹಾಕಿಕೊಂಡು ಕೋರ್ಟಿಗೆ ಹೋಗುವುದನ್ನು ಬಿಟ್ಟಿಲ್ಲ. ನಾನು ಮೂವತ್ತು ವರ್ಷ ಇಂಗ್ಲಿಷ್ ಟೀಚರ್ ಆಗಿದ್ದವಳು. ನನ್ನವರು ಹೋದ ಮೇಲೆ ಅವನ ಜೊತೆ ಬಂದು ಸೇರಿಕೊಂಡೆ. ಮೇಲಿನ ಪೋರ್ಷನ್‌ನಲ್ಲಿ ಬಾಡಿಗೆಯವರು, ಕೆಳಗೆ ನಾವಿಬ್ಬರು, ಬೆಳಿಗ್ಗೆ ಒಂದೇ ಪೇಪರಿಗೆ ಜಗಳ.

ನಮ್ಮ ಸಾಲಿನ ಮೂರನೇ ಮನೆಗೆ ಹಾಡಹಗಲೇ ಕಳ್ಳರು ಹಿತ್ತಲಿನಿಂದ ನುಗ್ಗಿದರು. ಬೆಳ್ಳಿಯ ಆರತಿ ತಟ್ಟೆ ಹೋಯಿತು, ಗ್ಯಾಸ್ ಸಿಲಿಂಡರ್ ಹೋಯಿತು. ಹೋಗುವ ಮುಂಚೆ ಫ್ರಿಜ್ಜಿನಲ್ಲಿದ್ದ ಮಾವಿನಹಣ್ಣು ತಿಂದು ಗೊರಟೆಗಳನ್ನು ಸಿಂಕಿನಲ್ಲೇ ಬಿಟ್ಟಿದ್ದರು. ಆ ಮನೆಯಾಕೆಗೆ ಬೆಳ್ಳಿ ಹೋದದ್ದಕ್ಕಿಂತ ಆ ಗೊರಟೆಗಳದೇ ಸಂಕಟ. "ನಮ್ಮ ಮನಿಯಾಗ ನಿಂತು ತಿಂದಾರಲ್ರೀ" ಎಂದು ವಾರವಿಡೀ ಹೇಳಿಕೊಂಡು ಅತ್ತಳು. ತಮ್ಮನಿಗೆ ಅಷ್ಟು ಸಾಕಾಯಿತು. ಸಿರುಗುಪ್ಪದಲ್ಲಿ ನಮ್ಮ ಸೋದರತ್ತೆಯ ಮಗನ ಅಕ್ಕಿ ಗಿರಣಿ ಇದೆ. ಅಲ್ಲಿ ಹದಿನಾರು ಕ್ಯಾಮೆರಾ, ಒಂದೇ ದೊಡ್ಡ ಟಿವಿಯಲ್ಲಿ ಹದಿನಾರು ಚೌಕ. ಅದನ್ನು ನೋಡಿ ಬಂದಾಗಿನಿಂದ ಅವನಿಗೆ ಹೇಗೂ ಆಸೆ ಹುಟ್ಟಿತ್ತು.

ಕ್ಯಾಮೆರಾ ಅಂಗಡಿಯವರು ಐವತ್ತು ದಾಟಿದ ಸಾಬರು, ಬಹಳ ಸಾವಧಾನದ ಮನುಷ್ಯ. ಗಾಜಿನ ಟೇಬಲ್ಲಿನ ಮೇಲೆ ಒಂದೊಂದೇ ಡಬ್ಬಿ ತೆಗೆದಿಟ್ಟರು, ಉದ್ದ ಕೊಳವೆಯಂಥದ್ದು ಒಂದು, ಬೋರಲು ಬಟ್ಟಲಿನಂಥದ್ದು ಒಂದು.

"ಬುಲೆಟ್ ತಗೋತೀರೋ, ಡೋಮ್ ತಗೋತೀರೋ ಸಾಹೇಬ್ರ?"

"ಬುಲೆಟ್ ಅಂದ್ರ ಗುಂಡು ಹೊಡಿತೈತೇನ್ರಿ?"

"ನಿಮ್ಮಂಥ ವಕೀಲ್ರು ಇರಬೇಕಾದ್ರ ಗುಂಡು ಯಾಕ್ರಿ? ಇದು ಬರೇ ನೋಡ್ತೈತಿ."

ನಾನು ರೂಲ್ಡ್ ನೋಟ್‌ಬುಕ್ ಒಯ್ದಿದ್ದೆ. ರೇಂಜ್, ನೈಟ್ ವಿಷನ್, ಸ್ಟೋರೇಜ್, ಸೈರನ್ ಎಂದು ನಾಲ್ಕು ಕಾಲಮ್ ಎಳೆದು, ಪ್ರತಿಯೊಂದು ಬ್ರೋಶರನ್ನೂ ಓದಿ ತುಂಬಿಸಿದೆ. ಕಾನ್ವೆಂಟಿನಲ್ಲಿ ಓದಿದವರಿಗೆ ಇದೊಂದು ರೋಗ. ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಬರೆದದ್ದೆಲ್ಲ ಸತ್ಯವೆಂದೂ ಒಳ್ಳೆಯದೆಂದೂ ಅನ್ನಿಸಿಬಿಡುತ್ತದೆ. ಮುಂದಿನ ಗೇಟಿಗೆ ಒಂದು ಡೋಮ್ ಹಾಕಿದರೆ ಮುಗಿಯಿತು ಎನ್ನುತ್ತಿದ್ದ ತಮ್ಮ. ನಾನು ಬಿಡಲಿಲ್ಲ. ಕಳ್ಳರು ಬಂದದ್ದು ಹಿತ್ತಲಿನಿಂದ, ಹಾಗಾಗಿ ಹಿತ್ತಲ ಗೋಡೆಗೆ ವೈಡ್ ಆಂಗಲ್‌ನದೇ ಬೇಕು. ಅಡುಗೆಮನೆಯ ಬಾಗಿಲಿಗೆ ಅಲಾರ್ಮ್ ಸೆನ್ಸರ್ ಬೇಕು. ಮತ್ತೆ ಟು-ವೇ ಆಡಿಯೋ ಇರಲೇಬೇಕು.

"ಅದೇನಕ್ಕಾ?"

"ನಾವು ಫೋನಿನಾಗ ಮಾತಾಡಿದ್ದು ಅಲ್ಲಿ ಕೇಳಿಸ್ತೈತಿ. ಅಲ್ಲೀದು ನಮಗ."

"ಸಿರುಗುಪ್ಪದಾಗ ಕುಂತು ಬಳ್ಳಾರ್ಯಾಗಿನ ಕಳ್ಳನ್ನ ಬೈಬೌದು ಸಾಹೇಬ್ರ," ಎಂದರು ಅಂಗಡಿಯವರು. ಮಗುವಿನಂತೆ ನಕ್ಕ ತಮ್ಮ. ಅಲ್ಲಿಗೆ ವ್ಯಾಪಾರ ಕುದುರಿತು.

ಈಗ ರೊಟ್ಟಿಯವಳ ಬಗ್ಗೆ ಹೇಳಬೇಕು.

ಅವಳು ಕುರುಗೋಡಿನವಳು. ನನಗಿಂತ ಹತ್ತು ವರ್ಷ ಚಿಕ್ಕವಳಿರಬೇಕು, ಕೇಳಿಲ್ಲ. ಮಂಗಳವಾರ ಮತ್ತು ಶುಕ್ರವಾರ ಮೊದಲ ಬಸ್ಸಿಗೆ ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ ತುಂಬಿದ ಬುಟ್ಟಿ ಹೊತ್ತು ಬಳ್ಳಾರಿಗೆ ಬರುವಳು. ಬಸ್ಸು ಫ್ರೀ ಆದ ಮೇಲೆ ಕಾಲಿಡಲು ಜಾಗವಿಲ್ಲ, ಬುಟ್ಟಿ ತಲೆಯ ಮೇಲೆ ಹಿಡಿದೇ ನಿಂತು ಬರಬೇಕು. ಇಳಿಯುವ ಹೊತ್ತಿಗೆ ಸೀರೆಯ ನೆರಿಗೆ ಒಂದು ಕಡೆ, ಸೆರಗು ಒಂದು ಕಡೆ, ಮೈಯೆಲ್ಲ ಬೆವರು. ಮೊದಲು ನಮ್ಮ ಹಿತ್ತಲಿಗೆ ಬರುವಳು. ಹಿತ್ತಲ ಬಾಗಿಲಿಗೆ ಹೊರಗಿನಿಂದ ಎಳೆದರೆ ಚಿಲಕ ಬಿಚ್ಚುವಂತೆ ಒಂದು ಹಗ್ಗ ಕಟ್ಟಿದ್ದೆವು, ಅವಳಿಗೆಂದೇ. ನಾವು ಇರಲಿ ಬಿಡಲಿ, ಅವಳು ಬಂದು, ಬುಟ್ಟಿ ಇಳಿಸಿ, ಸೆರಗು ತೆಗೆದು ಹೆಗಲಿಂದ ಕೆಳಗೆ ಬಿಟ್ಟು, ನಳದ ಕೆಳಗೆ ಮುಖ, ಕುತ್ತಿಗೆ, ತೋಳು ತೊಳೆದುಕೊಂಡು, ಸೀರೆ ಬಿಚ್ಚಿ ಮತ್ತೆ ಉಟ್ಟು, ತಲೆ ಬಾಚಿ, ಕುಂಕುಮ ಇಟ್ಟುಕೊಂಡು ಹೊರಬೀಳುವಳು. ನಮ್ಮ ಪಾಲಿನ ರೊಟ್ಟಿ ಅಡುಗೆಮನೆ ಕಿಟಕಿಯ ಡಬ್ಬಿಯಲ್ಲಿ ಇರುತ್ತಿತ್ತು. ಇಪ್ಪತ್ತು ವರ್ಷದ ಮೇಲಾಗಿತ್ತು ಈ ರೂಢಿಗೆ. ನಾನು ಈ ಮನೆಗೆ ಬರುವ ಮೊದಲು ತಮ್ಮನ ಹೆಂಡತಿ ಬದುಕಿದ್ದಾಗ ಅವಳಿಗೆ ಕೊಟ್ಟುಹೋದ ಜಾಗ ಅದು.

"ಇಷ್ಟು ದೊಡ್ಡ ಬಳ್ಳಾರ್ಯಾಗ ಹೆಣ್ಮಕ್ಕಳಿಗೆ ಮಾರಿ ತೊಳಕೊಳ್ಳಾಕ ಒಂದ್ ಗೋಡಿ ಮರಿ ಇಲ್ಲ ಅಕ್ಕಾರ," ಎಂದು ಅವಳೇ ಒಮ್ಮೆ ಹೇಳಿದ್ದಳು. "ವ್ಯಾಪಾರಕ್ಕ ಹೊಂಟಾಕಿ ಹೆಂಗೆಂಗರ ಇದ್ರ ಯಾರು ತಗೋತಾರ ರೊಟ್ಟಿ?"

ಕ್ಯಾಮೆರಾ ಕೂರಿಸಲು ಬಂದ ದಿನ ಅಂಗಡಿಯವರು ಆ ಹಗ್ಗವನ್ನು ಎಳೆದು ನೋಡಿ, ಚಿಲಕ ಬಿಚ್ಚಿಕೊಂಡದ್ದನ್ನು ಕಂಡು, ನನ್ನ ಮುಖ ನೋಡಿದರು.

"ಮೇಡಂ, ಮೊದಲು ಇದನ್ನ ತೆಗಿಸ್ರಿ. ಆಮ್ಯಾಲೆ ಕ್ಯಾಮೆರಾ ಬೇಕೋ ಬ್ಯಾಡೋ ನೋಡೂಣು."

"ಅದು ಇರ್ಲಿ ಬಿಡ್ರಿ. ಅದು ನಮ್ಮ ರೊಟ್ಟಿಯಾಕಿ ಬಾಗಿಲ."

ಅವರು ತಲೆಯಾಡಿಸಿ ಏಣಿ ಹತ್ತಿದರು. ನಾನು ಕೆಳಗೆ ನಿಂತು ಸ್ವಲ್ಪ ಎಡಕ್ಕೆ, ಸ್ವಲ್ಪ ಕೆಳಕ್ಕೆ ಎಂದು ಹೇಳುತ್ತಿದ್ದೆ. ಬಾಗಿಲು, ಗೋಡೆ, ನಳ, ಬಟ್ಟೆ ಒಗೆಯುವ ಕಲ್ಲು, ಎಲ್ಲ ಫ್ರೇಮಿನಲ್ಲಿ ಬಂದಾಗ 'ಪರ್ಫೆಕ್ಟ್' ಎಂದೆ. ಆ ಮಾತು ನನ್ನದೇ ಬಾಯಿಂದ ಬಂದದ್ದು. ಆಮೇಲೆ ಸೈರನ್ ಟೆಸ್ಟ್ ಮಾಡಿದರು. ಮೇಲಿನ ಬಾಡಿಗೆಯವಳು ಲಟ್ಟಣಿಗೆ ಹಿಡಿದು ಮೆಟ್ಟಿಲಿಳಿದು ಬಂದಳು. ಮುಂದಿನ ಗೇಟಿಗೆ 'ಯು ಆರ್ ಅಂಡರ್ ಸರ್ವೇಲೆನ್ಸ್' ಎಂಬ ಹಳದಿ ಬೋರ್ಡು ಹಾಕಿದರು. ಕನ್ನಡದ್ದು ಸ್ಟಾಕ್ ಇರಲಿಲ್ಲ. ಇದ್ದಿದ್ದರೂ ರೊಟ್ಟಿಯವಳಿಗೆ ಓದಲು ಬರುತ್ತಿರಲಿಲ್ಲ, ಅವಳು ಮುಂದಿನ ಗೇಟಿನಿಂದ ಬರುತ್ತಲೂ ಇರಲಿಲ್ಲ. ಹಾಲಿನವನಿಗೆ ಹೇಳಿದೆ, ಬಾಡಿಗೆಯವರಿಗೆ ಹೇಳಿದೆ, ಪೋಸ್ಟ್‌ಮ್ಯಾನ್‌ಗೂ ಹೇಳಿದೆ. ಅವಳಿಗೆ ಹೇಳಬೇಕೆಂದು ಹೊಳೆಯಲಿಲ್ಲ. ಅವಳು ಹೊರಗಿನವಳು ಎಂದು ನನಗೆ ಅನ್ನಿಸುತ್ತಿರಲಿಲ್ಲವಲ್ಲ, ಅದಕ್ಕೆ ಎಂದು ಈಗ ಸಮಾಧಾನ ಹೇಳಿಕೊಳ್ಳುತ್ತೇನೆ. ಅದೂ ಪೂರ್ತಿ ನಿಜವಲ್ಲ.

ಏಕೆಂದರೆ ಕ್ಯಾಮೆರಾ ಕೂರಿಸಿದ ಮೇಲಿನ ಎರಡು ವಾರದಲ್ಲಿ ಅವಳು ನಾಲ್ಕು ಸಲ ಬಂದಳು. ಪ್ರತಿ ಸಲವೂ ತಮ್ಮ ತಿಂಡಿಗೆ ಕೂತಿದ್ದಾಗ ಟುಂಗ್ ಎಂದಿತು. ಪ್ರತಿ ಸಲವೂ ಅವನು ಕನ್ನಡಕ ಹಣೆಗೇರಿಸಿ ನೋಡಿ, ಫೋನನ್ನು ಬೋರಲು ಹಾಕಿ, "ಯಾರಿಲ್ಲಕ್ಕಾ, ರೊಟ್ಟಿಯಾಕಿ," ಎಂದ. ಬೋರಲು ಹಾಕಿದ್ದನ್ನು ನಾನು ನೋಡಿದೆ. ಅವನು ಸಭ್ಯ. ಆದರೂ ನೋಡಿದ್ದ, ಅದಕ್ಕೇ ಬೋರಲು ಹಾಕಿದ್ದ. ನಾನು ಚಹಾ ಸೋಸುತ್ತಿದ್ದೆ, ಸೋಸುತ್ತಲೇ ಇದ್ದೆ. ನಮ್ಮ ಕಾನ್ವೆಂಟ್ ಬೋರ್ಡಿಂಗಿನ ಸ್ಟಡಿ ಹಾಲಿನ ಬಾಗಿಲಿಗೆ ಅಂಗೈಯಗಲದ ಗಾಜು ಇತ್ತು, ಸಿಸ್ಟರ್ ಅದರೊಳಗಿಂದ ಇಣುಕುತ್ತಿದ್ದರು. ಆ ಗಾಜಿಗೆ ಬೆನ್ನು ಹಾಕಿ ಕೂರಲು ಎಷ್ಟು ಜಗಳ ಆಡಿದ್ದೇವೆ ನಾವು! ಅಂಥವಳಿಗೆ ಅರವತ್ತು ವರ್ಷದ ಮೇಲೆ ಅದು ಮರೆತೇ ಹೋಗಿತ್ತು.

ಸಿರುಗುಪ್ಪದಲ್ಲಿ ಗಿರಣಿಯವನ ಹೊಸ ಮನೆಯ ಗೃಹಪ್ರವೇಶ. ಗುರುವಾರವೇ ಹೋಗಿ ಉಳಿದೆವು. ಶುಕ್ರವಾರ ಬೆಳಿಗ್ಗೆ ತಿಂಡಿಯಾದ ಮೇಲೆ ತಮ್ಮ ಹೋಗಿ ಗಿರಣಿಯ ಆಫೀಸಿನಲ್ಲಿ ಕೂತ. ಅವನ ಬಿ.ಪಿ. ಮಾತ್ರೆ ಕೊಡಲು ನಾನೂ ಹಿಂದೆಯೇ ಹೋದೆ. ಗಿರಣಿಯವನು, ಅವನ ಇಬ್ಬರು ಮಕ್ಕಳು, ಒಬ್ಬ ಭತ್ತದ ದಲ್ಲಾಳಿ. ತಮ್ಮನ ಫೋನು ಟುಂಗ್ ಎಂದಿತು.

"ನಿಮ್ಮದೂ ತೋರಿಸ್ರಿ ಮಾವಾ, ಟಿವಿಗೆ ಹಾಕ್ತೀನಿ," ಎಂದ ದೊಡ್ಡ ಮಗ. ಏನೇನೋ ಒತ್ತಿದ. ಗೋಡೆಯಗಲದ ಟಿವಿಯಲ್ಲಿ ನಮ್ಮ ಹಿತ್ತಲು ಬಂತು. ಎಷ್ಟು ಸ್ಪಷ್ಟ! ಕಲ್ಲಿನ ಮೇಲಿನ ಸೋಪಿನ ಚೂರು ಸಹ ಕಾಣುತ್ತಿತ್ತು. ಅವಳು ನಳದ ಕೆಳಗೆ ಬಗ್ಗಿದ್ದಳು, ಲಂಗ ಕುಪ್ಪಸದಲ್ಲಿ. ಸೀರೆ ಕಲ್ಲಿನ ಮೇಲಿತ್ತು.

ತಮ್ಮ ಗಾಬರಿಯಾದ. ಗಾಬರಿಯಾದಾಗ ಅವನಿಗೆ ದನಿ ಏರುತ್ತದೆ, ಕೋರ್ಟಿನಲ್ಲೂ ಹಾಗೆಯೇ. ಟಿವಿ ಆರಿಸುವುದು ಹೇಗೆಂದು ತಿಳಿಯದೆ ಫೋನಿನ ಮೈಕ್ ಒತ್ತಿ, "ಏ, ನಳ ಬಂದ್ ಮಾಡಿ ಒಳಗ ಸರಿಯವ್ವ!" ಎಂದುಬಿಟ್ಟ.

ಅವಳು ನೆಟ್ಟಗಾದಳು. ಬಾಗಿಲು ನೋಡಿದಳು, ಕಿಟಕಿ ನೋಡಿದಳು, ಮೇಲಿನ ಮನೆ ನೋಡಿದಳು. ಕೊನೆಗೆ ಗೋಡೆಯ ಮೇಲೆ ನಮ್ಮನ್ನು ನೋಡಿದಳು. ದಲ್ಲಾಳಿ ಕಿಸಕ್ಕೆಂದ. "ಸೈರನ್ ಒತ್ರಿ ಮಾವಾ, ಓಡ್ತಾಳ," ಎಂದ ಚಿಕ್ಕವನು.

"ಲೇ, ಕೊಡಿಲ್ಲಿ!" ಎಂದು ತಮ್ಮನ ಕೈಯಿಂದ ಫೋನು ಕಿತ್ತುಕೊಂಡೆ. ನನಗೂ ಆರಿಸಲು ಬರಲಿಲ್ಲ. ಟಿವಿಯ ಪ್ಲಗ್ಗನ್ನೇ ಎಳೆದೆ. ಅಷ್ಟರಲ್ಲಿ ಅವಳು ಒದ್ದೆ ಮೈಗೇ ಸೀರೆ ಸುತ್ತಿಕೊಳ್ಳುತ್ತಿದ್ದಳು.

ಬಳ್ಳಾರಿಗೆ ಬಂದಾಗ ಡಬ್ಬಿಯಲ್ಲಿ ನಮ್ಮ ರೊಟ್ಟಿ ಇತ್ತು. ಅಂಥ ಹೊತ್ತಿನಲ್ಲೂ ಇಟ್ಟು ಹೋಗಿದ್ದಳು. ಮಂಗಳವಾರ ಬರಲಿಲ್ಲ, ಶುಕ್ರವಾರವೂ ಬರಲಿಲ್ಲ. ತಮ್ಮ ಮೊದಲು "ನಾ ಒಳ್ಳೇದಕ್ಕ ಹೇಳಿದ್ದಕ್ಕಾ," ಎಂದ. ಆಮೇಲೆ "ಅಲ್ಲಿ ಹಾಕು ಅಂದಾಕಿ ನೀನ," ಎಂದ. ಮರುದಿನ ಅಂಗಡಿಯವರನ್ನು ಕರೆಸಿ ಹಿತ್ತಲಿನ ಕ್ಯಾಮೆರಾ ಬಿಚ್ಚಿಸಿದ, ಇದ್ದ ರೆಕಾರ್ಡಿಂಗನ್ನೆಲ್ಲ ಅಳಿಸಲು ಹೇಳಿ ಪಕ್ಕದಲ್ಲೇ ನಿಂತ.

ಮೂರನೇ ವಾರ ನಾನು ಆಧಾರ್ ಕಾರ್ಡು ತೋರಿಸಿ ಕುರುಗೋಡಿನ ಬಸ್ಸು ಹತ್ತಿದೆ. ಮಂಡಿ ನೋವು, ಬಿಸಿಲು, ಹೋಗಿ ಹೇಳುವುದಾದರೂ ಏನು ಎಂಬ ಬೇಸರ. ಬಸವೇಶ್ವರ ಗುಡಿಯ ಹತ್ತಿರ ರೊಟ್ಟಿ ಬಡಿಯುವವಳ ಮನೆ ಎಂದು ಕೇಳಿದರೆ ಮೂರು ಮನೆ ತೋರಿಸಿದರು. ಮೂರನೆಯದು ಅವಳದು. ಒಲೆಯ ಮುಂದೆ ಕೂತಿದ್ದಳು. ಎದ್ದು ಚಾಪೆ ಹಾಸಿದಳು, ನೀರು ಕೊಟ್ಟಳು, ಮಜ್ಜಿಗೆ ಕೊಟ್ಟಳು. ಮತ್ತೆ ಒಲೆಯ ಮುಂದೆ ಕೂತು ಹಿಟ್ಟು ನಾದತೊಡಗಿದಳು.

"ಅದನ್ನ ತೆಗಿಸೀವಿ," ಎಂದೆ. "ಎಲ್ಲಾ ಅಳಿಸೀವಿ. ಅಲ್ಲಿ ಹಾಕಿಸಿದಾಕಿ ನಾನ. ತಪ್ಪು ನಂದು."

"ಇರ್ಲಿ ಬಿಡ್ರಿ ಅಕ್ಕಾರ. ಕಳ್ಳರ ಕಾಟ, ನೀವರ ಏನ್ ಮಾಡ್ತೀರಿ?" ರೊಟ್ಟಿ ಬಡಿಯುತ್ತಾ, ನನ್ನ ಕಡೆ ನೋಡದೆ ಕೇಳಿದಳು. "ನೋಡಿದಾವ್ರು ಸಾಹೇಬ್ರು ಒಬ್ರ ಹೌದಲ್ರಿ?"

ಹೌದು ಎಂದರೆ ಮುಗಿಯುತ್ತಿತ್ತು. ಅವಳು ಹೌದೆಂಬ ಉತ್ತರವನ್ನು ನನ್ನ ಕೈಗಿಟ್ಟೇ ಕೇಳಿದ್ದಳು. ಮಂಗಳವಾರ ಬರುತ್ತಿದ್ದಳು, ನಳ ಬಿಡುತ್ತಿದ್ದಳು, ಡಬ್ಬಿಯಲ್ಲಿ ರೊಟ್ಟಿ ಇರುತ್ತಿತ್ತು. ನನಗೆ ಅದು ಎಷ್ಟು ಬೇಕಾಗಿತ್ತೆಂದು ಅಲ್ಲಿ ಕೂತಾಗಲೇ ನನಗೂ ತಿಳಿದದ್ದು. ಆದರೆ ಅವಳಿಗೆ ಗೊತ್ತಿಲ್ಲದಂತೆ ಅವಳನ್ನು ನೋಡಿದ್ದಾಗಿತ್ತು. ಇನ್ನು ಅದನ್ನೂ ಅವಳಿಂದ ಮುಚ್ಚಿಟ್ಟುಕೊಂಡು ಅವಳ ರೊಟ್ಟಿ ತಿನ್ನುವುದು ನನ್ನಿಂದಾಗಲಿಲ್ಲ.

"ಇಲ್ಲವಾ. ನಾವು ಸಿರುಗುಪ್ಪದಾಗ ಇದ್ವಿ. ನಾನೂ ಇದ್ದೆ. ಇನ್ನೂ ನಾಲ್ಕು ಮಂದಿ ಗಂಡಸ್ರು ಇದ್ರು."

ಬಡಿಯುವ ಕೈ ನಿಂತಿತು. ಹೆಂಚಿನ ಮೇಲಿದ್ದ ರೊಟ್ಟಿ ಕರಕಲಾಗುವವರೆಗೂ ಅವಳು ಅದನ್ನು ತಿರುವಲಿಲ್ಲ. ಆಮೇಲೆ ತೆಗೆದು ಬದಿಗಿಟ್ಟು, ಕೈಯ ಹಿಟ್ಟು ಉಜ್ಜಿಕೊಂಡಳು.

"ಸಾಹೇಬ್ರು ಒಬ್ರ ಅಂದಿದ್ರ ಬರ್ತಿದ್ದೆ ನೋಡ್ರಿ. ಅಣ್ಣನಂಥಾವ್ರು, ಹೋಗ್ಲಿ ಅಂತಿದ್ದೆ."

"ಸುಳ್ಳು ಹೇಳಾಕ ಆಗಲಿಲ್ಲವಾ."

"ಹೇಳಬಾರ್ದು. ಚಲೋ ಮಾಡಿದ್ರಿ." ಒಲೆಯ ಕಟ್ಟಿಗೆ ಹಿಂದಕ್ಕೆಳೆದು, "ಇನ್ನ ಬಳ್ಳಾರಿ ಒಲ್ಲೆ ಅಕ್ಕಾರ. ಇಲ್ಲೇ ಸಂತ್ಯಾಗ ಹೋಗ್ತಾವ ರೊಟ್ಟಿ," ಎಂದಳು.

ಅವಳು ಹತ್ತು ರೊಟ್ಟಿ ಬಟ್ಟೆಯಲ್ಲಿ ಕಟ್ಟಿಕೊಟ್ಟಳು. ಬೇಡವೆಂದರೂ ಬಸ್‌ಸ್ಟ್ಯಾಂಡಿನವರೆಗೆ ಬಂದಳು, ನನ್ನ ಮಂಡಿ ನೋಡಿ ನಿಧಾನ ನಡೆದಳು. ಬಸ್ಸು ತುಂಬಿತ್ತು. ಅವಳೇ ಹತ್ತಿ, ಕಿಟಕಿಯ ಹತ್ತಿರ ಕೂತಿದ್ದವನ ಭುಜ ತಟ್ಟಿ, "ಏಳೋ ಯಪ್ಪಾ, ಟೀಚರಮ್ಮ ಅದಾರ, ವಯಸ್ಸಾಗೈತಿ, ಕಣ್ ಕಾಣ್ಸವಲ್ವಾ ನಿನಗ?" ಎಂದು ಗದರಿಸಿ ಎಬ್ಬಿಸಿದಳು. ನನ್ನನ್ನು ಕೂರಿಸಿ, ರೊಟ್ಟಿಯ ಗಂಟನ್ನು ಮಡಿಲಲ್ಲಿಟ್ಟು, "ಹುಷಾರ್ ಹೋಗಿ ಬರ್ರಿ," ಎಂದು ಇಳಿದಳು.

ಬಸ್ಸು ತಿರುಗುವಾಗ ಕಿಟಕಿಯಿಂದ ನೋಡಿದೆ. ಅವಳು ಆಗಲೇ ಹೂ ಮಾರುವವಳ ಹತ್ತಿರ ನಿಂತು ಏನೋ ಹೇಳುತ್ತಿದ್ದಳು, ಹೂವಿನವಳು ನಗುತ್ತಿದ್ದಳು. ನನ್ನ ಕಡೆ ಅವಳ ಬೆನ್ನಿತ್ತು. ಅವಳನ್ನು ನಾನು ಕೊನೆಯ ಸಲ ನೋಡಿದ್ದು ಆಗಲೇ.