ಅಕ್ಕನಿಗೆ ಹಿಡಿದ ಸೀಟು

ಬಸ್ ಸ್ಟ್ಯಾಂಡಿಗೆ ಬಂದ ಕೂಡಲೇ ಅಕ್ಕ ಹೆಗಲ ಮೇಲಿನ ವೇಲ್ ತೆಗೆದು ಕೈಗೆ ಸುತ್ತಿಕೊಳ್ಳುತ್ತಿದ್ದಳು. ಕಂಪ್ಲಿ ಬಸ್ಸು ನಿಲ್ಲುವುದರೊಳಗೆ ಅದನ್ನು ಕಿಟಕಿಯಿಂದ ಎಸೆದು ಎರಡು ಸೀಟು ಹಿಡಿಯುವಳು. ಒಂದು ಅವಳಿಗೆ, ಇನ್ನೊಂದು ಗುಂಪಿನಲ್ಲಿ ನುಗ್ಗಲು ನಾಚುವ ನನಗೆ.

ಹೋದ ವರ್ಷ ಅಕ್ಕ ತನ್ನ ಜೀವವನ್ನು ತಾನೇ ತೆಗೆದುಕೊಂಡಳು. ಯಾಕೆಂದು ನಮಗ್ಯಾರಿಗೂ ಗೊತ್ತಿಲ್ಲ. ಕೇಳಿದವರಿಗೆ ಅಮ್ಮ ಹಾರ್ಟ್ ಅಟ್ಯಾಕ್ ಅನ್ನುತ್ತಾಳೆ. ನಾನು ಬೇರೆ ಮಾತು ತೆಗೆಯುತ್ತೇನೆ.

ಮೊನ್ನೆ ಹೊಸಪೇಟೆಯಿಂದ ಕಂಪ್ಲಿಯ ಶಾಲೆಗೆ ಪಾಠ ಮಾಡಲು ಹೊರಟಿದ್ದೆ. ಅದೇನಾಯಿತೋ, ಬಸ್ಸು ಸ್ಟ್ಯಾಂಡಿನೊಳಗೆ ತಿರುಗುತ್ತಿದ್ದಂತೆ ನನ್ನ ಕೈಯಿಂದ ವೇಲ್ ಕಿಟಕಿಯೊಳಗೆ ಹೋಗಿ ಬಿತ್ತು. ಹತ್ತಿ ನೋಡಿದರೆ ಎರಡು ಸೀಟಿಗೂ ಹರಡಿಕೊಂಡಿದೆ. ಕಿಟಕಿ ಪಕ್ಕ ಕುಳಿತೆ. ಇನ್ನೊಂದರ ಮೇಲಿಂದ ಅದನ್ನು ತೆಗೆಯಲು ಕೈ ಬರಲಿಲ್ಲ.

ಬಾಳೆಹಣ್ಣಿನ ಬುಟ್ಟಿ ಹಿಡಿದ ಅಜ್ಜಿಯೊಬ್ಬರು ಕೇಳಿದರು, "ಯಾರರ ಬರ್ತಾರೇನವ್ವಾ?"

"ನಮ್ಮಕ್ಕ ಬರ್ತಾಳ್ರಿ." ಬಾಯಿಂದ ಬಂದೇ ಹೋಯಿತು.

ಅಜ್ಜಿ ಬುಟ್ಟಿ ಕೆಳಗಿಟ್ಟು ಕಾವಲಿಗೇ ನಿಂತರು. ಯಾರು ಬಂದರೂ ಅವರದೇ ಜಗಳ: "ಏ, ಕಣ್ ಕಾಣಂಗಿಲ್ಲೇನಲೇ? ಈಕಿ ಅಕ್ಕ ಬರಾಕತ್ಯಾಳ!" ಅಕ್ಕನೂ ಹೀಗೇ ಜೋರು ಮಾಡುತ್ತಿದ್ದಳು.

"ಅಜ್ಜೀ, ನೀವ ಕುಂದ್ರಿ" ಎಂದೆ.

"ಬ್ಯಾಡವ್ವಾ, ಆಕಿ ಬಂದ್ರ ಮತ್ತ ಏಳಬೇಕು. ಮೊಣಕಾಲು ಭಾಳ ನೋಯ್ತಾವ."

ಕಂಡಕ್ಟರ್ ಸೀಟಿ ಊದಿದ. "ತಡಿಯಪ್ಪಾ! ಈ ಹುಡುಗಿ ಅಕ್ಕ ಇನ್ನೂ ಹತ್ತಿಲ್ಲ" ಎಂದು ಅಜ್ಜಿ ಬಸ್ಸನ್ನೇ ನಿಲ್ಲಿಸಿದರು. ಎಲ್ಲರೂ ಬಾಗಿಲ ಕಡೆ ನೋಡಿದರು. ನಾನೂ ನೋಡಿದೆ.

ಅಜ್ಜಿ ನನ್ನ ಭುಜ ತಟ್ಟಿದರು. "ಫೋನ್ ಹಚ್ಚವ್ವಾ ಆಕಿಗೆ. ಸೀಟ್ ಹಿಡದೀವಿ, ಜಲ್ದಿ ಬಾ ಅಂತ ಹೇಳು."